ಹೆಪ್ಪು ಕೊಟ್ಟ ಮನೆ

ನಾವು ಓದಿದ ಹೈಸ್ಕೂಲಿನಲ್ಲಿ ಬೆಳಗಿನ ಪ್ರಾರ್ಥನೆಗೆ ‘ಕರುಣಾಳು ಬಾ ಬೆಳಕೆ’ ಹಾಡಿಸುತ್ತಿದ್ದರು. ಅಂಗಳದಲ್ಲಿ ಸಾಲಾಗಿ ನಿಂತು ಕಣ್ಣು ಮುಚ್ಚಿ ಹಾಡುವಾಗ ಅದು ದಾಸರ ಪದದಷ್ಟೇ ನಮ್ಮದು ಅನ್ನಿಸುತ್ತಿತ್ತು. ಯಾರು ಬರೆದದ್ದೆಂದು ಮೇಷ್ಟರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಾಲೇಜಿಗೆ ಹೋದ ಮೇಲೆ ಲೈಬ್ರರಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಕೈಗೆ ಸಿಕ್ಕಿತು. ನಮ್ಮ ಪ್ರಾರ್ಥನೆ ಅದರೊಳಗಿತ್ತು. ಮೂಲ ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲೆಂಡಿನ ಪಾದ್ರಿಯದು. 1833ರ ಜೂನ್ ತಿಂಗಳು. ಸಿಸಿಲಿಯಲ್ಲಿ ಜ್ವರ ಬಂದು ಇನ್ನೇನು ಹೋದೆ ಎನ್ನುವಷ್ಟಾಗಿ ಚೇತರಿಸಿಕೊಂಡಿದ್ದ ಆತ ಊರಿಗೆ ಮರಳಲು ಕಿತ್ತಳೆಹಣ್ಣು ಹೇರಿದ ಹಡಗೊಂದನ್ನು ಹತ್ತಿದ್ದ. ಗಾಳಿ ಬೀಸದೆ ಆ ಹಡಗು ಕಾರ್ಸಿಕಾ, ಸಾರ್ಡಿನಿಯಾಗಳ ನಡುವಿನ ಜಲಸಂಧಿಯಲ್ಲಿ ನಿಂತುಬಿಟ್ಟಿತು. ಆಗ ಬರೆದ ಹಾಡು ಅದು. ಗಾಂಧೀಜಿಗೆ ಅದು ಬಹಳ ಇಷ್ಟ. ಗುಜರಾತಿಗೆ ನರಸಿಂಹರಾವ್ ದಿವೇಟಿಯಾ ತಂದರು, ಕನ್ನಡಕ್ಕೆ ಬಿಎಂಶ್ರೀ.

ಅವತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾಡಿನ ಕಥೆಗಿಂತ ಪುಸ್ತಕದ ಹೆಸರು. 1926ರಲ್ಲಿ ಬಂದ ಸಂಕಲನ. ಬಿಎಂಶ್ರೀ ಅಂಥವರಿಗೆ ಅದಕ್ಕೊಂದು ಅಚ್ಚಗನ್ನಡದ ಸೊಗಸಾದ ಹೆಸರು ಹುಡುಕುವುದು ಕಷ್ಟವಿರಲಿಲ್ಲ. ಷೆಲ್ಲಿ, ವರ್ಡ್ಸ್‌ವರ್ತ್, ಬರ್ನ್ಸ್ ಮುಂತಾದವರ ಕವಿತೆಗಳನ್ನು ಅವರು ಅಕ್ಷರಕ್ಕೆ ಅಕ್ಷರ ಇಳಿಸಿದವರೂ ಅಲ್ಲ. ಕನ್ನಡದಲ್ಲಿ ಅದುವರೆಗೆ ಇರದಿದ್ದ ಛಂದಸ್ಸಿನ ನಡೆಗಳನ್ನು ಹುಡುಕಿ, ಮುಂದಿನ ತಲೆಮಾರಿನ ಕವಿಗಳು ಬೆಳೆಯಲು ಬೇಕಾದ ನೆಲವನ್ನೇ ಹದ ಮಾಡಿಕೊಟ್ಟರು. ಅಷ್ಟೆಲ್ಲ ಮಾಡಿಯೂ ಇವು ಇಂಗ್ಲಿಷಿನವರ ಹಾಡುಗಳು ಎಂದು ಮುಖಪುಟದ ಮೇಲೇ ಬರೆದರು. ಅದರಿಂದ ಅವರ ಗೌರವ ಕಡಿಮೆಯಾಗಲಿಲ್ಲ. ನಾಡು ಅವರನ್ನು ಕನ್ನಡದ ಕಣ್ವ ಎಂದು ಕರೆಯಿತು. ಕೊಟ್ಟವರು ಹೆಸರು ಹೇಳಿಯೇ ಕೊಟ್ಟಿದ್ದರು. ದಾರಿಯಲ್ಲಿ ನ್ಯೂಮನ್‌ನ ಹೆಸರನ್ನೂ ಬಿಎಂಶ್ರೀಯವರ ಹೆಸರನ್ನೂ ಬಿಟ್ಟುಬಂದದ್ದು ಶಾಲೆಗಳು, ಸಭೆಗಳು, ನಮ್ಮಂಥ ಹಾಡುಗರು.

ಹೆಸರು ಹೇಳಿ ಪಡೆಯುವುದು ನಮ್ಮ ಹಳೆಯ ಕವಿಗಳ ವಾಡಿಕೆ. ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದಾಗ, ಕಥೆ ವ್ಯಾಸರದು, ತಾನು ಅವರಿಗೆ ಸಮನೆಂದು ಬೀಗುವವನಲ್ಲ ಎಂದು ಆರಂಭದಲ್ಲೇ ಹೇಳಿಕೊಂಡ. ಹಾಗೆ ಹೇಳಿದ ಮೇಲೆ ತನಗೆ ಬೇಕಾದಂತೆ ಬದಲಾಯಿಸಲು ಹಿಂಜರಿಯಲೂ ಇಲ್ಲ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ, ಅರ್ಜುನನೊಳಗೆ ತನ್ನ ದೊರೆ ಅರಿಕೇಸರಿಯನ್ನು ಕೂರಿಸಿದ. ಗದುಗಿನ ನಾರಣಪ್ಪ ಕುಮಾರವ್ಯಾಸನೆಂದೇ ಹೆಸರಾದ. ಲಕ್ಷ್ಮೀಶನ ಕಾವ್ಯವನ್ನು ಇವತ್ತಿಗೂ ನಾವು ಜೈಮಿನಿಯ ಹೆಸರಿನಿಂದಲೇ ಕರೆಯುತ್ತೇವೆ. ಈ ಕಾಲಕ್ಕೆ ಬಂದರೆ, ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿ, ಕಥೆಗೆ ಇಳಿಯುವ ಮೊದಲು ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್ ಅವರಿಂದ ಹಿಡಿದು ನಮ್ಮ ಪಂಪ, ನಾರಣಪ್ಪರವರೆಗೆ ಎಲ್ಲರಿಗೂ ಕೈಮುಗಿದರು. ಲೋಕದ ಮಹಾಕವಿಗಳ ಸಾಲಿನಲ್ಲಿ ನಿಲ್ಲಲು ಹೊರಟವರಿಗೆ ಆ ಸಾಲನ್ನು ಒಬ್ಬೊಬ್ಬರಾಗಿ ಹೆಸರಿಸಲು ಸಂಕೋಚವಾಗಲಿಲ್ಲ.

ಇವರೆಲ್ಲರಿಗಿಂತ ನನಗೆ ಆಪ್ತನಾದವನು ದುರ್ಗಸಿಂಹ. ಕಿಸುಕಾಡು ನಾಡಿನ ಸಯ್ಯಡಿಯವನು. ಕಲ್ಯಾಣ ಚಾಲುಕ್ಯರ ಜಯಸಿಂಹ ಜಗದೇಕಮಲ್ಲನ ಹತ್ತಿರ ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಒಪ್ಪಂದಗಳ ವ್ಯವಹಾರ ನೋಡಿಕೊಳ್ಳುವ ಮಂತ್ರಿ. 1031ರಲ್ಲಿ ಪಂಚತಂತ್ರವನ್ನು ಕನ್ನಡದಲ್ಲಿ ಚಂಪುವಾಗಿ ಬರೆದ. ಪಂಚತಂತ್ರ ಅಂದೊಡನೆ ನಮಗೆ ಬಾಯಿಗೆ ಬರುವ ಹೆಸರು ವಿಷ್ಣುಶರ್ಮನದು. ದುರ್ಗಸಿಂಹ ಹೇಳುವುದು ವಸುಭಾಗಭಟ್ಟನ ಹೆಸರು. ಗುಣಾಢ್ಯ ಪೈಶಾಚಿ ಭಾಷೆಯಲ್ಲಿ ಹೇಳಿದ ಬೃಹತ್ಕಥೆ, ಅದರಿಂದ ಐದು ಕಥೆಗಳನ್ನು ಆಯ್ದು ವಸುಭಾಗಭಟ್ಟ ಸಂಸ್ಕೃತದಲ್ಲಿ ಮಾಡಿದ ಪಂಚತಂತ್ರ, ಅದನ್ನು ಹಿಡಿದು ಕನ್ನಡದಲ್ಲಿ ಬರೆಯುತ್ತಿರುವ ತಾನು, ಹೀಗೆ ಕಥೆ ಕೈಯಿಂದ ಕೈಗೆ ಬಂದ ದಾರಿಯನ್ನೆಲ್ಲ ಆತ ದಾಖಲಿಸಿಟ್ಟ.

ಮುಂದೆ ಆದದ್ದನ್ನು ನೋಡಿ. ಗುಣಾಢ್ಯನ ಬೃಹತ್ಕಥೆ ಕಳೆದುಹೋಯಿತು. ವಸುಭಾಗಭಟ್ಟನ ಸಂಸ್ಕೃತ ಗ್ರಂಥವೂ ಸಿಕ್ಕಿಲ್ಲ. ಆದರೆ ಸಮುದ್ರದಾಚೆ ಜಾವಾದಲ್ಲಿ ‘ತಂತ್ರಿ ಕಾಮಂದಕ’ ಎಂಬ ಹಳೆಯ ಕಥಾಗ್ರಂಥವಿದೆ. ಲಾವೋಸ್, ಥಾಯ್ಲೆಂಡ್ ಕಡೆಯೂ ತಂತ್ರಿಯ ಕಥೆಗಳಿವೆ. ಅವು ವಿಷ್ಣುಶರ್ಮನ ಪಂಚತಂತ್ರಕ್ಕೆ ಪೂರ್ತಿ ಹೊಂದುವುದಿಲ್ಲ. ಹಾಗಾದರೆ ಎಲ್ಲಿಂದ ಹೋದವು? ಮೈಸೂರಿನ ವಿದ್ವಾಂಸ ಎ. ವೆಂಕಟಸುಬ್ಬಯ್ಯನವರು ಈ ಪ್ರಶ್ನೆಯನ್ನು ಬೆನ್ನಟ್ಟಿದಾಗ ಕೈಹಿಡಿದದ್ದು ದುರ್ಗಸಿಂಹ. ಜಾವಾದ ಕಥೆಗಳೂ ಕನ್ನಡದ ಪಂಚತಂತ್ರವೂ ಒಂದೇ ಕವಲಿನವು ಎಂದು ಅವರು ತೋರಿಸಿಕೊಟ್ಟರು. ಕಳೆದುಹೋದ ಒಂದು ಗ್ರಂಥ ಇತ್ತು ಎಂದು ನಮಗೆ ಗೊತ್ತಾದದ್ದು, ಅದನ್ನು ಕನ್ನಡಕ್ಕೆ ತಂದವನು ಎಲ್ಲಿಂದ ತಂದೆನೆಂದು ಹೇಳಿದ್ದರಿಂದ. ಕಥೆಯೆಲ್ಲ ತನ್ನ ಕಲ್ಪನೆ ಎಂದು ದುರ್ಗಸಿಂಹ ಬರೆದಿದ್ದರೆ ಅವನ ಕಾಲದವರು ಯಾರೂ ಆಕ್ಷೇಪಿಸುತ್ತಿರಲಿಲ್ಲವೇನೋ. ಸಾವಿರ ವರ್ಷದ ಮೇಲೆ ಹುಡುಕಿಕೊಂಡು ಹೊರಟವರಿಗೆ ಮಾತ್ರ ದಾರಿ ಅಲ್ಲಿಗೇ ಮುಚ್ಚಿಹೋಗುತ್ತಿತ್ತು.

ನಮ್ಮ ಕಡೆ ಮನೆಯಲ್ಲಿ ಹೆಪ್ಪು ಮುಗಿದುಹೋದರೆ ಸಣ್ಣ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುವುದುಂಟು. ಒಂದು ಚಮಚ ಹೆಪ್ಪು ಕೊಟ್ಟರೆ ಕೊಟ್ಟವರಿಗೆ ಏನೂ ಕಡಿಮೆಯಾಗುವುದಿಲ್ಲ. ಹಾಲು ನಮ್ಮದು, ಕಾಯಿಸಿ ಆರಿಸಿದವರು ನಾವು, ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿ ನಿಂತ ಮೊಸರೂ ನಮ್ಮದೇ. ಆದರೂ ಉಣ್ಣುವವರು ಮೊಸರು ಚೆನ್ನಾಗಿದೆ ಎಂದರೆ ನಮ್ಮಮ್ಮ ಹೆಪ್ಪು ಯಾರ ಮನೆಯದೆಂದು ಹೇಳದೆ ಇರುತ್ತಿರಲಿಲ್ಲ. ಪಂಪ, ದುರ್ಗಸಿಂಹ, ಬಿಎಂಶ್ರೀ ಮಾಡಿದ್ದೂ ಇದನ್ನೇ. ಆದ್ದರಿಂದ ಇನ್ನೊಬ್ಬರಿಂದ ಪಡೆದರು ಎಂಬ ಒಂದೇ ಕಾರಣಕ್ಕೆ ಯಾರನ್ನಾದರೂ ಕಳ್ಳ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪಡೆಯದೆ ಯಾವ ಕಲೆಯೂ ಬೆಳೆದಿಲ್ಲ. ಪಡೆದ ಮನೆಯನ್ನು ಮರೆಮಾಡುವುದು ತಪ್ಪು.

ಕಾವ್ಯದ ಕಳ್ಳತನದ ಬಗ್ಗೆ ಹಿಂದಿನವರು ಎಷ್ಟು ಬಿಚ್ಚುಮನಸ್ಸಿನಿಂದ ಚರ್ಚಿಸಿದ್ದರು ಎಂದು ತಿಳಿಯಬೇಕಾದರೆ ರಾಜಶೇಖರನ ‘ಕಾವ್ಯಮೀಮಾಂಸೆ’ ತೆರೆಯಬೇಕು. 10ನೆಯ ಶತಮಾನದ ಆರಂಭದಲ್ಲಿ ಕನೌಜಿನ ಪ್ರತೀಹಾರ ಅರಸರ ಆಸ್ಥಾನದಲ್ಲಿದ್ದವನು, ಪಂಪನಿಗೆ ತುಸು ಹಿರಿಯ. 18 ಭಾಗಗಳ ಗ್ರಂಥವೆಂದು ಹೊರಟದ್ದು, ನಮಗೆ ಉಳಿದಿರುವುದು ‘ಕವಿರಹಸ್ಯ’ ಎಂಬ ಮೊದಲ ಭಾಗ ಮಾತ್ರ. ಅದರಲ್ಲಿ 11ರಿಂದ 13ರವರೆಗಿನ ಮೂರು ಅಧ್ಯಾಯಗಳು ಇನ್ನೊಬ್ಬರ ಮಾತನ್ನೂ ಅರ್ಥವನ್ನೂ ಎತ್ತಿಕೊಳ್ಳುವ ವಿಷಯಕ್ಕೇ ಮೀಸಲು. ಕದಿಯದ ಕವಿಯೇ ಇಲ್ಲವೆಂದು ಹೇಳಿಬಿಡುವಷ್ಟು ನೇರ ಅವನು. ಆದರೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಅರ್ಥ ಪೂರ್ತಿ ಅದೇ, ಮಾತು ಮಾತ್ರ ಬೇರೆ ಎಂದಾದರೆ ಅದು ಪ್ರತಿಬಿಂಬಕಲ್ಪ. ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಬೇರೆಯೇ ಎಂದು ಕಾಣುವಂತೆ ಮಾಡಿದರೆ ಆಲೇಖ್ಯಪ್ರಖ್ಯ. ವಿಷಯ ಬೇರೆಯಾಗಿದ್ದೂ ಹೋಲಿಕೆಯಿಂದ ಒಂದೇ ಅನ್ನಿಸಿದರೆ ತುಲ್ಯದೇಹಿತುಲ್ಯ. ಬೇರು ಒಂದೇ ಆಗಿದ್ದು ಮೇಲಿನ ಕಟ್ಟೋಣವೆಲ್ಲ ಹೊಸದಾಗಿದ್ದರೆ ಪರಪುರಪ್ರವೇಶ.

ಈ ಕೊನೆಯದನ್ನು ಓದುವಾಗ ನನಗೆ ಕುವೆಂಪು ಅವರ ಕಿಂದರಿಜೋಗಿಯ ನೆನಪು. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವಿತೆಯಲ್ಲಿ ಇಲಿ ಹಿಡಿಯುವವನು ಬರುವುದು ವೇಸರ್ ನದಿಯ ದಂಡೆಯ ಹ್ಯಾಮೆಲಿನ್ ಪಟ್ಟಣಕ್ಕೆ. ಕುವೆಂಪು ಕೈಯಲ್ಲಿ ಅದು ತುಂಗಾ ತೀರದ ಬೊಮ್ಮನಹಳ್ಳಿ. ಕೊಳಲೂದುವವನು ಹೋಗಿ ಕಿಂದರಿ ಬಾರಿಸುವ ಜೋಗಿ ಬಂದ. ಇಲಿಗಳು ನಮ್ಮ ಅಟ್ಟದಿಂದ, ನಮ್ಮ ಗೌಡರ ಮನೆಯಿಂದ ಹೊರಟ ಇಲಿಗಳಾದವು. ಅದನ್ನು ಓದಿ ಬೆಳೆದ ಮಕ್ಕಳಿಗೆ ಅದು ಮಲೆನಾಡಿನ ಕಥೆ. ಬ್ರೌನಿಂಗ್‌ನ ಹೆಸರು ಗೊತ್ತಾದ ಮೇಲೆ ಆ ಕವಿತೆ ನನಗೆ ಇನ್ನಷ್ಟು ದೊಡ್ಡದಾಗಿ ಕಂಡಿತು. ಎಲ್ಲಿಂದ ಹೊರಟು ಎಲ್ಲಿಗೆ ತಲುಪಿದರು ಎಂದು ಅಳೆಯಲು ಆಗುವುದು ಹೊರಟ ಊರು ಗೊತ್ತಿದ್ದಾಗ ಮಾತ್ರ. ನಾಲ್ಕು ಸ್ವರ ತಿದ್ದಿ, ತಾಳ ಬದಲಿಸಿ, ಬೇರೆ ಭಾಷೆಯ ಹಾಡನ್ನು ಹೊಸ ರಾಗಸಂಯೋಜನೆ ಎಂದು ಮಾರುವವರದು ಇನ್ನೊಂದು ಜಾತಿ. ಅದರ ಹೆಸರು ರಾಜಶೇಖರನ ಪಟ್ಟಿಯಲ್ಲಿ ಸಾವಿರ ವರ್ಷದ ಹಿಂದೆಯೇ ಇದೆ.

ಅದೇ 11ನೆಯ ಅಧ್ಯಾಯದಲ್ಲಿ ಒಂದು ಕಡೆ ರಾಜಶೇಖರನ ಹೆಂಡತಿ ಅವಂತಿಸುಂದರಿ ಮಾತಾಡುತ್ತಾಳೆ. ಬೇರೆ ಕಳ್ಳತನ ಕಾಲ ಕಳೆದಂತೆ ಮಾಸಿಹೋಗುತ್ತದೆ, ಮಾತಿನ ಕಳ್ಳತನದ ಕಳಂಕ ಮೊಮ್ಮಕ್ಕಳ ಕಾಲಕ್ಕೂ ಹೋಗದು ಎಂಬ ಅಭಿಪ್ರಾಯ ಮೊದಲು ಬರುತ್ತದೆ. ಅದರ ಬೆನ್ನಿಗೆ, ಕವಿಗಳು ಯಾವ ಯಾವ ಧೈರ್ಯದ ಮೇಲೆ ಕದಿಯುತ್ತಾರೆ ಎಂದು ಅವಂತಿಸುಂದರಿ ಹೇಳುತ್ತಾಳೆ. ಮೂಲದವನಿಗೆ ಹೆಸರಿಲ್ಲ, ನನಗಿದೆ. ಅವನಿಗೆ ಸ್ಥಾನಮಾನವಿಲ್ಲ, ನನಗಿದೆ. ಅವನ ಕೃತಿ ಈಗ ಚಾಲ್ತಿಯಲ್ಲಿಲ್ಲ. ಬರೆದವನು ಎಲ್ಲೋ ದೂರ ದೇಶದವನು. ಆಕೆ ಇದನ್ನು ಸಮರ್ಥನೆಗೆ ಹೇಳಿದಳೋ, ಕದಿಯುವವರ ಮನಸ್ಸನ್ನು ಬಿಚ್ಚಿ ತೋರಿಸಿದಳೋ, ಹೇಗೆ ಓದಿದರೂ ಈ ಕಾರಣಗಳಲ್ಲಿ ಒಂದೂ ಹಳತಾಗಿಲ್ಲ. ಎಲ್ಲದರಲ್ಲೂ ಇರುವುದು ಒಂದೇ ಲೆಕ್ಕಾಚಾರ: ಕೇಳಲು ಬರಲಾರದವನನ್ನು ಹುಡುಕುವುದು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಹೆಂಡತಿಯ ವಿಚಾರವನ್ನು ತನ್ನದೆಂದು ಬರೆದುಕೊಂಡಿದ್ದರೆ ರಾಜಶೇಖರನನ್ನು ಕೇಳುವವರು ಯಾರಿದ್ದರು? ಮನೆಯೊಳಗಿನ ಮಾತು, ಹೊರಗಿನ ಸಾಕ್ಷಿಯಿಲ್ಲ. ಆತ ಮೂರು ಕಡೆ ಇದು ಅವಂತಿಸುಂದರಿಯ ಮತ ಎಂದು ಹೆಸರು ಹಾಕಿಯೇ ಬರೆದಿದ್ದಾನೆ. ಅವಳದೆಂಬ ಪೂರ್ತಿ ಗ್ರಂಥ ಯಾವುದೂ ನಮಗೆ ಉಳಿದಿಲ್ಲ. ಅವಳು ಹೇಗೆ ಯೋಚಿಸುತ್ತಿದ್ದಳೆಂದು ಗೊತ್ತಾಗುತ್ತಿರುವುದು ಗಂಡ ಅವಳ ಹೆಸರನ್ನು ಬಿಡದೆ ಬರೆದದ್ದರಿಂದ.

ಕೇಳಲು ಬರಲಾರದವರು ಅಂದಾಗ ನನ್ನ ಕಣ್ಣ ಮುಂದೆ ಬರುವುದು ನಮ್ಮೂರಿನಲ್ಲಿ ಸೋಬಾನೆ ಹಾಡುತ್ತಿದ್ದ ದೊಡ್ಡಮ್ಮ. ಊರಿಗೆಲ್ಲ ಅವರು ದೊಡ್ಡಮ್ಮನೇ. ಹಾಸನ, ಮಂಡ್ಯದ ಗಡಿಯ ನಮ್ಮ ಕಡೆ ಯಾವ ಮನೆಯ ಮದುವೆಯಾದರೂ ಚಪ್ಪರದ ದಿನ ಅವರಿಗೆ ಮೊದಲು ಎಲೆ ಅಡಿಕೆ. ಹಾಡುವ ಮುನ್ನ ಬಾಯಿಯ ತಾಂಬೂಲ ಉಗಿದು, ಒಂದು ಗುಟುಕು ನೀರು ಕುಡಿದು, ಸೆರಗಿನ ತುದಿಯಿಂದ ತುಟಿ ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಒಬ್ಬಾಕೆ ಜೊತೆಗೆ, ಸೊಲ್ಲು ಎತ್ತಿಕೊಳ್ಳಲು ಎದುರಿಗೆ ಇಬ್ಬರು. ಅರಿಸಿನ ಹಚ್ಚುವಾಗ ಒಂದು ಪದ, ಧಾರೆಗೆ ಒಂದು, ಹೆಣ್ಣು ಒಪ್ಪಿಸುವಾಗ ಎಲ್ಲರನ್ನೂ ಅಳಿಸುವ ಇನ್ನೊಂದು. ಪದ ಎತ್ತುವ ಮೊದಲು ಅವರು ತಪ್ಪದೆ ಒಂದು ಮಾತು ಹೇಳುತ್ತಿದ್ದರು. “ಇದು ನಂದಲ್ಲ ಕಣ್ ಮಗ, ನಮ್ಮತ್ತೆ ಹೇಳ್ಕೊಟ್ಟಿದ್ದು. ಅವ್ರು ತವ್ರಿಂದ ತಂದಿದ್ರು.” ಇನ್ನೊಂದು ಪದಕ್ಕೆ, “ಇದು ಹೊಳೆ ಆಚೆಯೋರ ಧಾಟಿ, ನಮ್ಮೋರ್ದು ಹಿಂಗಿಲ್ಲ.” ಓದು ಬರಹ ಬಾರದ ಆಕೆಯ ನೆನಪಿನಲ್ಲಿ ಪ್ರತಿ ಪದದ ಜೊತೆಗೂ ಒಬ್ಬರ ಹೆಸರು, ಒಂದು ಊರು ಅಂಟಿಕೊಂಡಿತ್ತು.

ಒಮ್ಮೆ ಪಟ್ಟಣದಿಂದ ಒಬ್ಬರು ಟೇಪ್ ರೆಕಾರ್ಡರ್ ಹಿಡಿದು ಬಂದರು. ಜಗಲಿಯ ಮೇಲೆ ಕೂತು ದೊಡ್ಡಮ್ಮ ಮಧ್ಯಾಹ್ನವೆಲ್ಲ ಹಾಡಿದರು. ಎಂದಿನಂತೆ ಪ್ರತಿ ಪದಕ್ಕೂ ಮೊದಲು ಅತ್ತೆಯ ಹೆಸರು, ಅತ್ತೆಯ ತವರು. ಕೆಲವು ಕಾಲದ ಮೇಲೆ ಆ ಪದಗಳಲ್ಲಿ ಒಂದು ಕ್ಯಾಸೆಟ್ಟಿನಲ್ಲಿ ಬಂತು. ಕೀಬೋರ್ಡು, ತಬಲಾ ಸೇರಿತ್ತು. ಕ್ಯಾಸೆಟ್ಟಿನ ಒಳಗಿನ ಕಾಗದದಲ್ಲಿ ಹಾಡಿದವರ ಹೆಸರು, ಸಂಗೀತ ಸಂಯೋಜಿಸಿದವರ ಹೆಸರು, ಧ್ವನಿಮುದ್ರಣ ಮಾಡಿದವರ ಹೆಸರು ಎಲ್ಲ ಇದ್ದವು. ಸಾಹಿತ್ಯದ ಎದುರಿಗೆ ‘ಜಾನಪದ’ ಎಂದಿತ್ತು. ನಾವು ಹುಡುಗರು ರೇಗಾಡಿದೆವು. ದೊಡ್ಡಮ್ಮ ಪೂರ್ತಿ ಕೇಳಿ, “ಹಾಡ್ಕೊಳ್ಲಿ ಬುಡು, ಪದ ಇರೋದೇ ಹಾಡೋಕೆ. ನಮ್ಮತ್ತೆ ಹೆಸ್ರು ಒಂದ್ ಹೇಳಿದ್ರೆ ಚೆಂದಾಗಿತ್ತು” ಅಂದರು. ದುಡ್ಡಿನ ಮಾತು ಬರಲಿಲ್ಲ. ತಮ್ಮ ಹೆಸರನ್ನೂ ಕೇಳಲಿಲ್ಲ. ಈಗ ದೊಡ್ಡಮ್ಮ ಇಲ್ಲ. ಅವರತ್ತೆಯ ಹೆಸರು ಏನಿತ್ತು ಎಂದು ಹೇಳಬಲ್ಲವರು ಇವತ್ತು ನಮ್ಮೂರಿನಲ್ಲಿ ಒಬ್ಬರೂ ಉಳಿದಿಲ್ಲ. ಆ ಟೇಪು ಯಾವ ಕಪಾಟಿನಲ್ಲಿದೆಯೋ, ಅಳಿಸಿಹೋಯಿತೋ, ಅದರಲ್ಲಿತ್ತು ಆ ಹೆಸರು.

ವ್ಯಾಸರಿಂದ ಪಡೆದು ವ್ಯಾಸರ ಹೆಸರು ಹೇಳದಿದ್ದರೆ ವ್ಯಾಸರಿಗೇನೂ ಆಗುವುದಿಲ್ಲ. ಊರಿಗೆಲ್ಲ ಅವರು ಗೊತ್ತು. ದೊಡ್ಡಮ್ಮನ ಅತ್ತೆಯಂಥವರಿಗೆ ಈ ಲೋಕದಲ್ಲಿದ್ದ ಒಂದೇ ಗುರುತು ಹಾಡಿನ ಮೊದಲು ಬರುವ ಆ ಒಂದು ಮಾತು. ಅದನ್ನು ಕತ್ತರಿಸಿದವರು ಆಕೆಯನ್ನೇ ಅಳಿಸಿದರು. ಕಳ್ಳತನದ ತೂಕ ಕದ್ದ ವಸ್ತುವಿನ ಮೇಲೆ ನಿಂತಿಲ್ಲ, ಯಾರಿಂದ ಕದ್ದರು ಎಂಬುದರ ಮೇಲೆ ನಿಂತಿದೆ ಎಂದು ನಾನು ನಂಬಿರುವುದು ಇದಕ್ಕಾಗಿ.

ಹಾಗೆಂದು ಜನಪದವನ್ನು ಮುಟ್ಟಿದವರೆಲ್ಲ ಹೀಗೆ ಮಾಡಲಿಲ್ಲ. ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ಪುಸ್ತಕ ಮಾಡಿದರು. ಆ ಬಳಗದಲ್ಲಿ ಮಧುರಚೆನ್ನರಂಥ ದೊಡ್ಡ ಕವಿ ಇದ್ದರು. ಆ ಸಾಲುಗಳನ್ನು ತಿದ್ದಿ ತೀಡಿ ತಮ್ಮ ಕವಿತೆಗಳಲ್ಲಿ ಬೆರೆಸಿಕೊಂಡಿದ್ದರೆ ಪತ್ತೆ ಹಚ್ಚುವವರಿರಲಿಲ್ಲ. ಪುಸ್ತಕಕ್ಕೆ ಅವರು ಇಟ್ಟ ಹೆಸರು ‘ಗರತಿಯ ಹಾಡು’.

ಗಿರೀಶ ಕಾರ್ನಾಡರ ‘ಹಯವದನ’ ಬಂದ ದಾರಿಯನ್ನು ನೋಡಿದರೆ ನನಗೆ ದುರ್ಗಸಿಂಹನ ಕಾಲದ ಶಿಸ್ತು ಇನ್ನೂ ಉಳಿದಿದೆ ಅನ್ನಿಸುತ್ತದೆ. ತಲೆ ಅದಲುಬದಲಾದ ಇಬ್ಬರು ಗಂಡಸರ ಕಥೆ 11ನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ, ಬೇತಾಳ ವಿಕ್ರಮನಿಗೆ ಕೇಳುವ ಒಗಟಾಗಿ ಬರುತ್ತದೆ. ಸೋಮದೇವನೂ ಇದು ಗುಣಾಢ್ಯನ ಬೃಹತ್ಕಥೆಯ ಸಾರ ಎಂದು ಹೇಳಿಕೊಂಡವನೇ. ಜರ್ಮನಿಯ ಭಾರತಶಾಸ್ತ್ರ ವಿದ್ವಾಂಸ ಹೈನ್‌ರಿಷ್ ಸಿಮ್ಮರ್ ಮೂಲಕ ಕಥೆ ಕಾದಂಬರಿಕಾರ ಥಾಮಸ್ ಮಾನ್‌ಗೆ ತಲುಪಿತು. 1940ರಲ್ಲಿ ಮಾನ್ ಅದನ್ನು ಕಿರುಕಾದಂಬರಿ ಮಾಡಿದ. ಅದರ ಇಂಗ್ಲಿಷ್ ಅನುವಾದ ಬಂದಾಗ, ನಿಮ್ಮಿಂದ ತಂದದ್ದನ್ನು ಕೃತಜ್ಞತೆಯಿಂದ ಮರಳಿಸುತ್ತಿದ್ದೇನೆ ಎಂಬ ಭಾವದಲ್ಲಿ ಸಿಮ್ಮರ್‌ಗೇ ಅರ್ಪಿಸಿದ. ಬೇತಾಳನ ಕಥೆಯಲ್ಲಿ, ತಲೆ ಯಾರದೋ ಅವನೇ ಗಂಡ ಎಂದು ವಿಕ್ರಮ ಹೇಳಿದೊಡನೆ ಒಗಟು ಬಗೆಹರಿಯಿತು. ಮಾನ್ ಬರೆಯಲು ತೊಡಗಿದ್ದೇ ಆ ಉತ್ತರದ ನಂತರ ಆ ಮೂವರೂ ಹೇಗೆ ಬದುಕಿದರು ಎಂಬುದನ್ನು. ಕಾರ್ನಾಡರು 1971ರ ಹೊತ್ತಿಗೆ ಅದನ್ನು ಕನ್ನಡ ರಂಗಭೂಮಿಗೆ ತಂದರು. ಭಾಗವತ ಬಂದ, ಗೊಂಬೆಗಳು ಬಂದವು, ಕುದುರೆ ಮೋರೆಯ ಹಯವದನ ಬಂದ, ಕಪಿಲ, ದೇವದತ್ತ, ಪದ್ಮಿನಿಯರು ನಮ್ಮವರಾದರು. ಮಾನ್‌ನ ಋಣವನ್ನು ಕಾರ್ನಾಡರು ಮುಚ್ಚಿಡಲಿಲ್ಲ. ‘ನಾಗಮಂಡಲ’ ಬರೆದಾಗಲೂ ಅದರ ಎರಡು ಜನಪದ ಕಥೆಗಳನ್ನು ತಾವು ಕೇಳಿದ್ದು ಎ.ಕೆ. ರಾಮಾನುಜನ್ ಅವರಿಂದ ಎಂದು ಹೇಳಿದರು. ಗುಣಾಢ್ಯನಿಂದ ಇಲ್ಲಿಯವರೆಗೆ ಒಂದೊಂದು ಕೈಯೂ ಹಿಂದಿನ ಕೈಯ ಹೆಸರು ಹೇಳಿತು. ಹೀಗಾಗಿಯೇ ‘ಹಯವದನ’ ಕನ್ನಡದ್ದೇ ನಾಟಕವೆಂದು ನಾವು ಎದೆ ತಟ್ಟಿ ಹೇಳಬಹುದು. ಮಾನ್ ಮಾಡಿದ್ದೇನು, ಕಾರ್ನಾಡರು ಮಾಡಿದ್ದೇನು ಎಂಬುದು ಎದುರಿಗೇ ಇದೆ.

ಪಡೆದದ್ದನ್ನೆಲ್ಲ ಪಟ್ಟಿ ಮಾಡಿ ಹೇಳಲು ಯಾರಿಂದಲೂ ಆಗದು ಎಂಬುದೂ ನಿಜ. ಚಿಕ್ಕಂದಿನಲ್ಲಿ ಕೇಳಿದ ಹರಿಕಥೆಯ ಒಂದು ತಿರುವು, ರೇಡಿಯೋದಲ್ಲಿ ಬಂದ ಹಾಡಿನ ಒಂದು ಎಳೆ, ಓದಿ ಮರೆತ ಕಥೆಯ ಒಂದು ಪಾತ್ರ ನಮಗೇ ಗೊತ್ತಿಲ್ಲದೆ ಬರಹದೊಳಗೆ ಬಂದು ಕೂತಿರುತ್ತವೆ. ರಾಗ ಯಾರ ಸ್ವತ್ತೂ ಅಲ್ಲ. ಮೋಹನದಲ್ಲಿ ಹಾಡು ಕಟ್ಟಿದವರೆಲ್ಲ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸಬೇಕಿಲ್ಲ. ಅರಿವಿಲ್ಲದೆ ಬಂದದ್ದಕ್ಕೆ ಯಾರನ್ನೂ ಕಟಕಟೆಗೆ ಎಳೆಯಬಾರದು. ಬರೆಯುವಾಗ ಎದುರಿಗೆ ತೆರೆದಿಟ್ಟುಕೊಂಡ ಪುಸ್ತಕದ ಮಾತು ಬೇರೆ. ಮತ್ತೆ ಮತ್ತೆ ಕೇಳಿ ಬರೆದುಕೊಂಡ ಹಾಡಿನ ಮಾತು ಬೇರೆ. ಅದು ನಮಗೆ ಗೊತ್ತಿರುತ್ತದೆ. ಗೊತ್ತಿದ್ದೂ ಬಿಡುವುದಕ್ಕೆ ಯಾವ ಸಬೂಬೂ ಇಲ್ಲ.

ಈಗಂತೂ ಪತ್ರಿಕೆಗಳಲ್ಲಿ ಫೋಟೋದ ಕೆಳಗೆ ‘ಕೃಪೆ: ಅಂತರ್ಜಾಲ’ ಎಂದು ಹಾಕುವ ರೂಢಿ ಬೆಳೆದಿದೆ. ನಸುಕಿನಲ್ಲಿ ಎದ್ದು ಕೆರೆ ಏರಿಯ ಮೇಲೆ ಕಾದು ಕೂತು ಹಕ್ಕಿಯ ಚಿತ್ರ ತೆಗೆದವರು ಯಾರೋ ಒಬ್ಬರು. ಅಂತರ್ಜಾಲಕ್ಕೆ ಕೃತಜ್ಞತೆ ಹೇಳಿದರೆ ಅವರಿಗೆ ಹೇಳಿದಂತಾಗಲಿಲ್ಲ. ವಾಟ್ಸಾಪಿನಲ್ಲಿ ಇದರ ಇನ್ನೊಂದು ಮುಖವಿದೆ. ಯಾರೋ ಬರೆದ ಸಾಧಾರಣ ಪದ್ಯದ ಕೆಳಗೆ ಡಿ.ವಿ.ಜಿ. ಹೆಸರು, ಬೇಂದ್ರೆಯವರ ಹೆಸರು. ಬರೆದವನ ಹೆಸರು ಹೋಯಿತು, ದೊಡ್ಡವರ ಬಾಯಿಗೆ ಅವರು ಆಡದ ಮಾತು ಬಂತು. ‘ಮಂಕುತಿಮ್ಮನ ಕಗ್ಗ’ದಲ್ಲಿರುವುದು 945 ಪದ್ಯಗಳು. ಅನುಮಾನ ಬಂದರೆ ಪುಸ್ತಕ ತೆಗೆದು ನೋಡುವುದಕ್ಕೆ ಎಷ್ಟು ಹೊತ್ತು ಬೇಕು?

ಕಾನೂನು ಇದೆಯಲ್ಲ ಎನ್ನುವವರಿದ್ದಾರೆ. ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಾವಧಿಯ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಅದರ 57ನೆಯ ಸೆಕ್ಷನ್ ಇನ್ನೂ ಒಳ್ಳೆಯದು: ಹಕ್ಕನ್ನು ಮಾರಿಕೊಂಡ ಮೇಲೂ ಈ ಕೃತಿ ನನ್ನದು ಎಂದು ಹೇಳಿಕೊಳ್ಳುವ ಅಧಿಕಾರ ಬರೆದವರ ಕೈಯಲ್ಲೇ ಇರುತ್ತದೆ. ಬರಿಯ ವಿಚಾರಕ್ಕೆ, ಕಥಾವಸ್ತುವಿಗೆ ಕೃತಿಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ, ಆರ್.ಜಿ. ಆನಂದ್ ಅವರ ನಾಟಕದ ಮೊಕದ್ದಮೆಯಲ್ಲಿ ಹೇಳಿತು. ಅದೂ ಸರಿಯಾದ ಮಾತೇ, ಇಲ್ಲದಿದ್ದರೆ ಯಾರೂ ಏನೂ ಬರೆಯುವ ಹಾಗಿರಲಿಲ್ಲ. ಆದರೆ ನ್ಯೂಮನ್‌ನ ಹೆಸರು ಹೇಳಿ ಎಂದು ಇವತ್ತು ಯಾವ ಕೋರ್ಟೂ ನಮ್ಮನ್ನು ಕೇಳುವುದಿಲ್ಲ. ದೊಡ್ಡಮ್ಮನ ಅತ್ತೆ ಕೋರ್ಟಿನ ಮೆಟ್ಟಿಲು ಕಂಡವರಲ್ಲ. ಕಾನೂನಿನ ಕೈ ಮುಟ್ಟದ ಕಡೆ ಉಳಿಯುವುದು ನಮ್ಮ ನಿಯತ್ತು ಒಂದೇ. ಹೆಸರು ಹೇಳುವ ಈ ಕೆಲಸವನ್ನು ಸರ್ಕಾರಗಳೂ ಮನಸ್ಸು ಮಾಡಿದರೆ ಮಾಡಬಹುದು. 2022ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಆದೇಶಿಸಿತು. ಯಾವ ಧಾಟಿ ಎಂಬ ಬಗ್ಗೆ ವಾದವಿವಾದ ನಡೆಯಿತು, ಅದರ ಗೊಡವೆ ಇಲ್ಲಿ ಬೇಡ. ಧಾಟಿ ಹಾಕಿದವರ ಹೆಸರು ಸರ್ಕಾರಿ ಕಾಗದದಲ್ಲಿ ಸೇರಿತಲ್ಲ, ಅದು ನನಗೆ ಸಮಾಧಾನ. ನಮ್ಮ ಸುಗಮ ಸಂಗೀತದ ವೇದಿಕೆಗಳಲ್ಲಿ ಎಷ್ಟೋ ಸಲ ಕವಿಯ ಹೆಸರಾದರೂ ಕೇಳಿಬರುತ್ತದೆ, ರಾಗ ಕಟ್ಟಿದವರ ಹೆಸರು ಬರುವುದಿಲ್ಲ. ದಾಸರ ಪದಗಳಲ್ಲಿ ಅಂಕಿತ ಇರುವುದರಿಂದ ಪುರಂದರದಾಸರೋ ಕನಕದಾಸರೋ ಎಂದು ತಿಳಿಯುತ್ತದೆ. ಆ ಪದಗಳನ್ನು ಇವತ್ತು ನಾವು ಹಾಡುವ ಧಾಟಿಗಳೆಷ್ಟೋ ನಂತರದ ಸಂಗೀತಗಾರರು ಕೂರಿಸಿದವು. ಅವರು ಯಾರು ಎಂದು ಕೇಳಿದರೆ ಹೇಳುವವರು ವಿರಳ.

ಸೋಮನಾಥಪುರಕ್ಕೆ ಹೋದಾಗ ಕೇಶವ ದೇವಾಲಯದ ಹೊರಗೋಡೆಯ ಮೂರ್ತಿಗಳ ಪಾದದ ಕೆಳಗೆ ಒಮ್ಮೆ ಬಗ್ಗಿ ನೋಡಿ. ಪೀಠದ ಅಂಚಿನಲ್ಲಿ ಹಳಗನ್ನಡದ ಅಕ್ಷರಗಳಿವೆ. ನಾನು ಮೊದಲ ಸಲ ನೋಡಿದಾಗ ಬೆಳಗಿನ ಓರೆಬಿಸಿಲು ಬಿದ್ದು ಗೀರುಗಳು ಎದ್ದು ಕಾಣುತ್ತಿದ್ದವು. ಮಲ್ಲಿತಮ್ಮ ಎಂಬ ರೂವಾರಿಯ ಹೆಸರು ಅದು. ಒಂದಲ್ಲ ಎರಡಲ್ಲ, ಮೂರ್ತಿಯ ನಂತರ ಮೂರ್ತಿ ಅವನ ಸಹಿ ಹೊತ್ತು ನಿಂತಿದೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳಿವೆ. ಕಟ್ಟಿಸಿದ ದೊರೆ ವಿಷ್ಣುವರ್ಧನ, ಸೋಮನಾಥಪುರದಲ್ಲಿ ಕಟ್ಟಿಸಿದವನು ಸೋಮನಾಥ ದಂಡನಾಯಕ. ಹಣ, ಅಧಿಕಾರ ಎಲ್ಲ ಇದ್ದ ಆ ಜನ ಕೂಲಿಗೆ ಕಲ್ಲು ಕೆತ್ತುವವನ ಹೆಸರು ದೇವರ ಪಾದದ ಹತ್ತಿರ ಇರಲು ಬಿಟ್ಟರು. 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಆ ಚಿತ್ರಗಳು ಎಲ್ಲೆಲ್ಲೂ ಹರಿದಾಡಿದವು. ಹೊಯ್ಸಳರ ಹೆಸರು ಎಲ್ಲದರ ಕೆಳಗೂ ಇತ್ತು. ಮಲ್ಲಿತಮ್ಮ, ದಾಸೋಜ, ಚಾವಣರ ಹೆಸರನ್ನು ನಾನು ಹುಡುಕಿದೆ, ಕೆಲವೇ ಕಡೆ ಸಿಕ್ಕಿತು. ಕಲ್ಲಿನ ಮೇಲೆ ಕೊರೆದಿಟ್ಟಿದ್ದನ್ನೂ ನಾವು ಓದದೆ ಬಿಟ್ಟಿದ್ದೇವೆ.

ನಿಮ್ಮ ಶಾಲೆಯ ವಾರ್ಷಿಕೋತ್ಸವದ ಕರಪತ್ರ ಅಚ್ಚಿಗೆ ಹೋಗುವ ಮುನ್ನ ಪ್ರತಿ ಹಾಡಿನ ಎದುರಿಗೆ ಕವಿಯ ಹೆಸರು, ಅನುವಾದವಾದರೆ ಮೂಲದವರ ಹೆಸರು, ಧಾಟಿ ಹಾಕಿದವರ ಹೆಸರು ಬರೆಸಿ. ನಿರೂಪಕರಿಗೆ ಅದನ್ನು ಗಟ್ಟಿಯಾಗಿ ಓದಲು ಹೇಳಿ, ಅರ್ಧ ನಿಮಿಷವೂ ಹಿಡಿಯುವುದಿಲ್ಲ. ನಿಮ್ಮೂರಿನಲ್ಲಿ ಸೋಬಾನೆ ಹಾಡುವವರು, ಬೀಸುವ ಪದ ಬಲ್ಲವರು, ಲಾವಣಿ ಹೇಳುವವರು ಇನ್ನೂ ಇದ್ದರೆ ಈ ವರ್ಷವೇ ಹೋಗಿ ಅವರ ಮುಂದೆ ಕೂತುಕೊಳ್ಳಿ. ಫೋನಿನಲ್ಲಿ ಪದ ತುಂಬಿಕೊಳ್ಳುವ ಮೊದಲು ಅವರ ಹೆಸರು, ಊರು, ಅವರಿಗೆ ಕಲಿಸಿದವರ ಹೆಸರು ಕೇಳಿ ಬರೆದುಕೊಳ್ಳಿ.